ನೋಡದೆ ಹಾಕಿದ ಸಹಿ

ತಪ್ಪು ಮಾಡಿದವನಿಂದ ಯಾರಿಗಾದರೂ ಹಾನಿಯಾದರೆ ಅವನನ್ನು ದೂಷಿಸುವುದು ಲೋಕದ ರೂಢಿ. ಆದರೆ ತಪ್ಪು ನಡೆದೂ ಯಾರಿಗೂ ಏನೂ ಆಗದೆ ಹೋದರೆ? ಅದನ್ನು ತಪ್ಪೆಂದು ಕರೆಯಬೇಕೇ, ಬೇಡವೇ? ಸುಮಾರು ಇಪ್ಪತ್ತು ವರ್ಷಗಳಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಾ ಬಂದಿದೆ. ಅದನ್ನು ನನ್ನ ಮುಂದಿಟ್ಟದ್ದು ಒಂದು ಲಾರಿಯ ಮೇಲಿದ್ದ ಕ್ರೇನಿನ ಕೊಕ್ಕೆ.

ಆಗ ನಾನು ಕರಾವಳಿಯ ಒಂದು ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತನಾಗಿದ್ದೆ. ಕಾರ್ಖಾನೆಗೆ ತನ್ನದೇ ಆದ ಒಂದು ಲಾರಿಯಿತ್ತು. ಅದರ ಕ್ಯಾಬಿನ್ನಿನ ಹಿಂದೆ ಒಂದು ಸಣ್ಣ ಕ್ರೇನನ್ನು ಜೋಡಿಸಿದ್ದರು. ಬಂದರಿನಿಂದ ಯಂತ್ರದ ಭಾಗಗಳನ್ನೂ ಉಕ್ಕಿನ ಕೊಳವೆಗಳನ್ನೂ ತಂದು ಅದೇ ಕ್ರೇನಿನಿಂದ ಇಳಿಸುತ್ತಿದ್ದರು. ಎತ್ತುವ ಯಂತ್ರಗಳನ್ನೂ ಅವುಗಳ ಸರಪಳಿ, ಹಗ್ಗ, ಕೊಕ್ಕೆಗಳನ್ನೂ ಹನ್ನೆರಡು ತಿಂಗಳಿಗೊಮ್ಮೆಯಾದರೂ ಸಕ್ಷಮ ವ್ಯಕ್ತಿಯೊಬ್ಬರು ಕೂಲಂಕಷವಾಗಿ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 29ನೆಯ ಪ್ರಕರಣ ವಿಧಿಸಿತ್ತು. ಆ ಪರೀಕ್ಷೆಯ ವಿವರಗಳನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕಾಗಿತ್ತು. ಆ ಪುಸ್ತಕ ನನ್ನ ವಶದಲ್ಲಿರುತ್ತಿತ್ತು.

ಒಂದು ಸಂಜೆ ಪರೀಕ್ಷಕರು ಬಂದರು. ಕಾರ್ಖಾನೆಯೊಳಗಿನ ಯಂತ್ರಗಳನ್ನೆಲ್ಲ ಅವರು ಶ್ರದ್ಧೆಯಿಂದಲೇ ನೋಡಿದರು. ಆದರೆ ಲಾರಿ ಅಂದು ಬಂದರಿಗೆ ಹೋಗಿತ್ತು, ರಾತ್ರಿಯಾಗದೆ ಮರಳುವಂತಿರಲಿಲ್ಲ. ಹಿಂದಿನ ಪರೀಕ್ಷೆಯ ಅವಧಿ ಎರಡೇ ದಿನಗಳಲ್ಲಿ ಮುಗಿಯುವುದಿತ್ತು. "ಕಳೆದ ವರ್ಷ ಏನೂ ದೋಷ ಇರಲಿಲ್ಲವಲ್ಲ?" ಎಂದು ಅವರು ಕೇಳಿದರು. "ಇಲ್ಲ ಸರ್" ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ನಾನು ಆ ಪುಟವನ್ನು ತೆರೆದು ಅವರ ಮುಂದಿಟ್ಟೆ. ಹಿಂದಿನ ವರ್ಷದ ಸಾಲುಗಳನ್ನೇ ನಕಲು ಮಾಡಿ ಅವರು ಸಹಿ ಹಾಕಿದರು. ಸಹಿಯ ಪಕ್ಕದಲ್ಲಿ ಮೊಹರು ಒತ್ತಿದ ಕೈ ನನ್ನದು.

ಮೂರು ತಿಂಗಳು ಕಳೆಯಿತು. ಒಂದು ಬೆಳಿಗ್ಗೆ, ಹೇರಿಳಿಸುವ ಆಳುಗಳ ಮೇಸ್ತ್ರಿಯವರು ಕ್ರೇನಿನ ಕೊಕ್ಕೆಯನ್ನು ಕೆಳಗಿಳಿಸಿ, ಅದಕ್ಕೆ ಮೆತ್ತಿದ್ದ ಗ್ರೀಸನ್ನು ಹಳೆಯ ಬಟ್ಟೆಯಿಂದ ಒರೆಸಿ ನೋಡಿದರು. ಕೊಕ್ಕೆಯ ಬಾಯಿ ಇರಬೇಕಾದುದಕ್ಕಿಂತ ಅಗಲವಾಗಿತ್ತು. ಅದರ ಬಾಗಿನಲ್ಲಿ ತಲೆಗೂದಲಿನಷ್ಟು ತೆಳುವಾದ ಒಂದು ಗೆರೆ ಕಾಣುತ್ತಿತ್ತು. "ಇದರಲ್ಲಿ ನಾನು ಭಾರ ಎತ್ತಿಸುವುದಿಲ್ಲ" ಎಂದು ಅವರು ಹೇಳಿಬಿಟ್ಟರು. ವ್ಯವಸ್ಥಾಪಕರು ನನ್ನಿಂದ ಪುಸ್ತಕವನ್ನು ತರಿಸಿ, ಸಹಿ ಇದ್ದ ಪುಟವನ್ನು ಅವರ ಮುಂದೆ ಹಿಡಿದರು. ಮೇಸ್ತ್ರಿಯವರು ಅದನ್ನು ಒಮ್ಮೆ ನೋಡಿ, "ಪುಸ್ತಕದಲ್ಲಿ ಸರಿ ಉಂಟು ಸ್ವಾಮಿ, ಆದರೆ ಕೊಕ್ಕೆಗೆ ಓದಲಿಕ್ಕೆ ಬರುವುದಿಲ್ಲ" ಎಂದರು.

ಅಂದಿನ ಕೂಲಿ ಅವರಿಗೂ ಅವರ ಆಳುಗಳಿಗೂ ಸಿಗಲಿಲ್ಲ. ಮರುದಿನ ಕೊಕ್ಕೆಯನ್ನು ಬಿಚ್ಚಿ ಪರೀಕ್ಷಿಸಿದ ವರ್ಕ್‌ಶಾಪಿನವರು ಅದು ಬಿರುಕೇ ಎಂದು ಹೇಳಿದರು. ಹೊಸ ಕೊಕ್ಕೆ ಬಂತು, ಕೆಲಸ ಮುಂದುವರಿಯಿತು. ಯಾರೂ ಸಾಯಲಿಲ್ಲ, ಯಾರ ಕೈಕಾಲೂ ಮುರಿಯಲಿಲ್ಲ. "ದೇವರು ಕಾಪಾಡಿದರು" ಎಂದು ಎಲ್ಲರೂ ಸಮಾಧಾನಪಟ್ಟರು. ಲಾರಿಯನ್ನು ನೋಡದೆಯೇ ಆ ಪುಟ ಬರೆಯಲಾಗಿತ್ತೆಂದು ನಾನು ಮಾತ್ರ ಯಾರಿಗೂ ಹೇಳಲಿಲ್ಲ.

ಕಣ್ಣಿಗೆ ಕಾಣದ ಸವೆತ

ಎತ್ತುವ ಸಾಧನವೊಂದು ಮುರಿದು ಬೀಳುವುದು ಒಂದು ಕ್ಷಣದ ಘಟನೆಯಾಗಿ ನಮಗೆ ತೋರುತ್ತದೆ. ಆದರೆ ಆ ಕ್ಷಣ ತಿಂಗಳುಗಟ್ಟಲೆ ಸಿದ್ಧವಾಗುತ್ತಿರುತ್ತದೆ. ಉಕ್ಕಿನ ಹಗ್ಗದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಸರಪಳಿಯ ಕೊಂಡಿಗಳು ಒಂದನ್ನೊಂದು ಉಜ್ಜಿ ತೆಳುವಾಗುತ್ತವೆ. ಹೈಡ್ರಾಲಿಕ್ ಎಣ್ಣೆಯ ರಬ್ಬರ್ ಕೊಳವೆಗಳು ಬಿಸಿಲಿಗೆ ಒಡೆಯುತ್ತವೆ. ಕ್ರೇನನ್ನು ಲಾರಿಯ ಚಾಸಿಗೆ ಬಿಗಿದಿರುವ ಬೋಲ್ಟುಗಳು ರಸ್ತೆಯ ಕುಲುಕಾಟಕ್ಕೆ ಸಡಿಲಗೊಳ್ಳುತ್ತವೆ. ಬೆಸುಗೆಯ ಅಂಚಿನಲ್ಲಿ ಹುಟ್ಟಿದ ಬಿರುಕು ಬಣ್ಣದ ಕೆಳಗೆ ಅಡಗಿ ಬೆಳೆಯುತ್ತದೆ. ಇವೆಲ್ಲ ನಡೆಯುತ್ತಿರುವಾಗಲೂ ಕ್ರೇನ್ ನಿತ್ಯದಂತೆ ಭಾರ ಎತ್ತುತ್ತಲೇ ಇರುತ್ತದೆ. ನಿನ್ನೆ ಎತ್ತಿತು ಎಂಬುದು ಇಂದು ಎತ್ತೀತು ಎಂಬುದಕ್ಕೆ ಸಾಕ್ಷಿಯಾಗದು.

ಭಾರದ ಲೆಕ್ಕವೂ ಅಷ್ಟು ಸುಲಭವಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ದೂರ ನಡೆಯಬಲ್ಲ ಹೆಂಗಸು ಅದೇ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದು ನಿಲ್ಲಲಾರಳು. ಲಾರಿಯ ಕ್ರೇನೂ ಹಾಗೆಯೇ. ತೋಳು ಚಾಚಿದಷ್ಟೂ ಅದು ಎತ್ತಬಲ್ಲ ತೂಕ ಇಳಿಯುತ್ತದೆ. ಆದುದರಿಂದಲೇ ಎಷ್ಟು ದೂರದಲ್ಲಿ ಎಷ್ಟು ತೂಕ ಎಂಬ ಪಟ್ಟಿ ಕ್ರೇನಿನ ಬಳಿ ಇರಬೇಕು. ಲಾರಿ ಮಗುಚದಂತೆ ಎರಡೂ ಬದಿಗಳಲ್ಲಿ ಚಾಚುವ ಆಧಾರದ ಕಾಲುಗಳು ಗಟ್ಟಿ ನೆಲದ ಮೇಲೆ ಊರಬೇಕು. ಮಳೆಗೆ ನೆನೆದ ಮಣ್ಣಿನಲ್ಲಿ ಊರಿದ ಕಾಲು ಭಾರ ಎತ್ತಿದ ಮೇಲೆ ಕುಸಿದರೆ ಲಾರಿಯೇ ವಾಲುತ್ತದೆ.

ಇವುಗಳನ್ನೆಲ್ಲ ನೋಡುವ ಪರೀಕ್ಷೆ ಚಾಲಕನು ಬೆಳಿಗ್ಗೆ ಒಂದು ಸುತ್ತು ಬಂದು ನೋಡುವ ನೋಟಕ್ಕಿಂತ ಭಿನ್ನವಾದುದು. ಮೆಕ್ಯಾನಿಕ್ ಎಣ್ಣೆ ಹಾಕಿ ಮಾಡುವ ದುರಸ್ತಿಗಿಂತಲೂ ಭಿನ್ನವಾದುದು. ಸಾರಿಗೆ ಕಚೇರಿಯ ಅರ್ಹತಾ ಪತ್ರ ಲಾರಿಯು ರಸ್ತೆಯಲ್ಲಿ ಓಡಲು ತಕ್ಕುದೇ ಎಂದು ಹೇಳುತ್ತದೆ. ಅದರ ಮೇಲೆ ನಿಂತ ಕ್ರೇನ್ ಜನರ ತಲೆಯ ಮೇಲೆ ಭಾರ ತೂಗಲು ತಕ್ಕುದೇ ಎಂಬುದು ಬೇರೆಯೇ ಪ್ರಶ್ನೆ.

ನನ್ನ ತಂಗಿಯ ಮಗ ಇಂಗ್ಲೆಂಡಿನಲ್ಲಿ ಲಾರಿ ಚಾಲಕನಾಗಿದ್ದಾನೆ. ಅವನ ಲಾರಿಯ ಹಿಂಬದಿಯಲ್ಲಿ ಸಾಮಾನು ಇಳಿಸುವ ಹಲಗೆಯೊಂದಿದೆ. ಗುಂಡಿ ಒತ್ತಿದರೆ ಅದು ಮೇಲೇರುತ್ತದೆ, ಇಳಿಯುತ್ತದೆ. ಅದನ್ನು ಅಲ್ಲಿ ಟೈಲ್ ಲಿಫ್ಟ್ ಎನ್ನುತ್ತಾರೆ. ಕಳೆದ ಬಾರಿ ಊರಿಗೆ ಬಂದಾಗ ಅವನು ಅಲ್ಲಿಯ ನಿಯಮವನ್ನು ನನಗೆ ವಿವರಿಸಿದ. ಅಲ್ಲಿ 1998ರ ಡಿಸೆಂಬರ್ 5ರಿಂದ ಎತ್ತುವ ಸಾಧನಗಳಿಗೆಂದೇ ಪ್ರತ್ಯೇಕ ನಿಯಮಾವಳಿ ಜಾರಿಯಲ್ಲಿದೆ. ವಿಶೇಷ ಪರೀಕ್ಷಾ ಯೋಜನೆಯೊಂದನ್ನು ಸಿದ್ಧಪಡಿಸಿಕೊಳ್ಳದಿದ್ದರೆ, ಸಾಮಾನನ್ನು ಮಾತ್ರ ಎತ್ತುವ ಸಾಧನಕ್ಕೆ ಹನ್ನೆರಡು ತಿಂಗಳಿಗೊಮ್ಮೆ ಕೂಲಂಕಷ ಪರೀಕ್ಷೆ ಆಗಬೇಕು. ಮನುಷ್ಯರೂ ಅದರ ಮೇಲೆ ನಿಂತು ಏರಿಳಿಯುವುದಾದರೆ ಆರು ತಿಂಗಳಿಗೊಮ್ಮೆ ಆಗಬೇಕು. ಗಾಲಿಕುರ್ಚಿಯಲ್ಲಿರುವವರನ್ನು ವಾಹನಕ್ಕೆ ಏರಿಸುವ ಹಲಗೆಗೂ ಈ ಆರು ತಿಂಗಳ ನಿಯಮವೇ. ಪರೀಕ್ಷಕನು ಸ್ವತಂತ್ರನೂ ನಿಷ್ಪಕ್ಷಪಾತಿಯೂ ಆಗಿರಬೇಕು. ನಿತ್ಯದ ದುರಸ್ತಿ ಮಾಡುವವನೇ ಪರೀಕ್ಷಕನಾದರೆ ಅವನು ತನ್ನ ಕೆಲಸವನ್ನು ತಾನೇ ಅಳೆದಂತಾಗುತ್ತದೆ. ಆದುದರಿಂದ ಅದು ಸಲ್ಲದೆಂಬುದು ಅಲ್ಲಿಯ ಮಾರ್ಗದರ್ಶನ. ಅಪಾಯದ ದೋಷ ಕಂಡರೆ ಒಡನೆಯೇ ಮಾಲೀಕನಿಗೆ ತಿಳಿಸಬೇಕು. ಯಾರಿಗಾದರೂ ಗಂಭೀರ ಗಾಯವಾಗುವ ಸಂಭವ ಕಣ್ಣೆದುರಿಗೇ ಇದ್ದರೆ ವರದಿಯ ಪ್ರತಿಯನ್ನು ಸರ್ಕಾರದ ಅಧಿಕಾರಿಗಳಿಗೂ ಕಳುಹಿಸಬೇಕು.

ಅವನ ಮಾತು ಕೇಳುತ್ತಾ ನಾನು ಮೌನವಾಗಿದ್ದೆ. ನಮ್ಮಲ್ಲಿಯೂ ನಿಯಮವಿತ್ತು, ಎತ್ತಬಹುದಾದ ಸುರಕ್ಷಿತ ಭಾರವನ್ನು ಯಂತ್ರದ ಮೇಲೆ ಸ್ಪಷ್ಟವಾಗಿ ನಮೂದಿಸಬೇಕೆಂದೂ ಅದನ್ನು ಮೀರಬಾರದೆಂದೂ ಅದೇ 29ನೆಯ ಪ್ರಕರಣ ಹೇಳಿತ್ತು. ಆ ಕಾಯಿದೆಯ ಸ್ಥಾನಕ್ಕೆ 2020ರ ಹೊಸ ಸಂಹಿತೆ 2025ರ ನವೆಂಬರಿನಲ್ಲಿ ಬಂದಿದೆ. ಕಾಯಿದೆ ಹಳೆಯದಿರಲಿ ಹೊಸದಿರಲಿ, ಇಂಗ್ಲೆಂಡಿನದಿರಲಿ ನಮ್ಮದಿರಲಿ, ಕೊನೆಗೆ ಒಬ್ಬ ಮನುಷ್ಯ ಬಗ್ಗಿ ನೋಡಬೇಕು. ಅವನು ನೋಡದೆ ಹೋದರೆ ಪುಸ್ತಕಕ್ಕೆ ಅದು ಗೊತ್ತಾಗುವುದಿಲ್ಲ.

ತಿಳಿದವನ ಹೊಣೆ, ತಿಳಿಯಲೊಲ್ಲದವನ ಹೊಣೆ

ಹಾನಿಗೆ ಯಾರು ಹೊಣೆ ಎಂಬ ಪ್ರಶ್ನೆ ಬಹಳ ಹಳೆಯದು. ಬಾಬಿಲೋನಿನ ಅರಸ ಹಮ್ಮುರಾಬಿಯ ಶಾಸನದಲ್ಲಿ ಹಾಯುವ ಎತ್ತಿನ ಕುರಿತು ಒಂದು ವಿಧಿ ಇದೆ. ಬೀದಿಯಲ್ಲಿ ಹೋಗುತ್ತಿದ್ದ ಎತ್ತು ಯಾರನ್ನಾದರೂ ತಿವಿದು ಕೊಂದರೆ ಒಡೆಯನ ಮೇಲೆ ದಾವೆಯಿಲ್ಲ. ಆದರೆ ಆ ಎತ್ತು ಹಾಯುವಂಥದೆಂದು ಊರವರು ಮೊದಲೇ ಎಚ್ಚರಿಸಿದ್ದೂ, ಅವನು ಅದರ ಕೊಂಬುಗಳಿಗೆ ಹೊದಿಕೆ ಹಾಕದೆ, ಅದನ್ನು ಕಟ್ಟದೆ ಬಿಟ್ಟಿದ್ದರೆ ಅವನು ದಂಡ ತೆರಬೇಕು. ವಿಮೋಚನಾಕಾಂಡದ 21ನೆಯ ಅಧ್ಯಾಯದಲ್ಲಿಯೂ ಇಂಥದೇ ವಿಧಿಯಿದೆ. ಅಲ್ಲಿ ಎಚ್ಚರಿಕೆ ಪಡೆದೂ ಸುಮ್ಮನಿದ್ದ ಒಡೆಯನಿಗೆ ಶಿಕ್ಷೆ ಇನ್ನೂ ಕಠಿಣ. ಎರಡರ ತಿರುಳೂ ಒಂದೇ: ತಿಳಿದ ಮೇಲೆ ಸುಮ್ಮನಿರುವ ಹಕ್ಕು ನಮಗಿಲ್ಲ. ಪರೀಕ್ಷಕನ ವರದಿ ಇಂದಿನ ಒಡೆಯನಿಗೆ ಊರವರು ಕೊಡುವ ಎಚ್ಚರಿಕೆಯೇ ಆಗಿದೆ.

ಆದರೆ ತಿಳಿದವನಿಗೆ ಹೊಣೆಯುಂಟು ಎಂದಾಗ, ತಿಳಿಯದಿರುವುದೇ ಲೇಸಲ್ಲವೇ ಎಂದು ಮನುಷ್ಯನ ಜಾಣತನ ಯೋಚಿಸುತ್ತದೆ. ನೋಡದೆ ಸಹಿ ಹಾಕುವುದರ ಒಳಗುಟ್ಟು ಇದೇ. ದೋಷ ಕಂಡರೆ ಲಾರಿಯನ್ನು ನಿಲ್ಲಿಸಬೇಕಾದೀತು. ಕಾಣದಿದ್ದರೆ ಎಲ್ಲರೂ ನಿರಾಳ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹಡಗುಗಳಲ್ಲಿ ಈ ಜಾಣತನ ವಿಪರೀತಕ್ಕೆ ಹೋಗಿತ್ತು. ಜೀರ್ಣವಾದ ಹಡಗುಗಳಿಗೆ ಮಿತಿಮೀರಿ ಸರಕು ಹೇರಿ ಸಮುದ್ರಕ್ಕೆ ಬಿಡುತ್ತಿದ್ದರು. ಅವುಗಳಿಗೆ ಜನ ಶವಪೆಟ್ಟಿಗೆ ಹಡಗುಗಳೆಂದೇ ಹೆಸರಿಟ್ಟಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದರು ಇದರ ವಿರುದ್ಧ 1873ರಲ್ಲಿ ಪುಸ್ತಕ ಬರೆದು, ಪಾರ್ಲಿಮೆಂಟಿನಲ್ಲಿ ಹೋರಾಡಿದರು. ಅದರ ಫಲವಾಗಿ 1876ರಲ್ಲಿ ಹಡಗಿನ ಮೈಮೇಲೆ ಭಾರದ ಮಿತಿಯನ್ನು ತೋರಿಸುವ ಗುರುತು ಕಡ್ಡಾಯವಾಯಿತು. ಆದರೆ ಆ ಗುರುತನ್ನು ಎಲ್ಲಿ ಹಾಕಬೇಕೆಂಬುದನ್ನು ಕಾಯಿದೆ ಮಾಲೀಕನಿಗೇ ಬಿಟ್ಟಿತ್ತು! ಅದರ ಸ್ಥಾನವನ್ನು ಕಾಯಿದೆಯೇ ಗೊತ್ತುಪಡಿಸಲು 1890ರ ತನಕ ಕಾಯಬೇಕಾಯಿತು. ನೋಡದೆ ಬರೆದ ಪ್ರಮಾಣಪತ್ರ ಮನಬಂದಲ್ಲಿ ಬಳಿದ ಆ ಗುರುತಿನಂತೆಯೇ. ಗುರುತು ಇದೆ, ಅರ್ಥವಿಲ್ಲ.

ಆ ಕಾಲದಲ್ಲಿಯೇ, 1877ರಲ್ಲಿ, ಡಬ್ಲ್ಯೂ. ಕೆ. ಕ್ಲಿಫರ್ಡ್ ಎಂಬ ಗಣಿತಜ್ಞರು ನಂಬಿಕೆಯ ನೀತಿಯನ್ನು ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ಸ್ವತಃ ಅವರೂ 1870ರಲ್ಲಿ ಸಿಸಿಲಿಯ ಬಳಿ ಹಡಗು ಒಡೆದು ಪಾರಾದವರು. ಅವರ ಪ್ರಬಂಧದಲ್ಲಿ ಒಬ್ಬ ಹಡಗಿನ ಮಾಲೀಕ ಬರುತ್ತಾನೆ. ಅವನ ಹಡಗು ಹಳೆಯದು, ದುರಸ್ತಿ ಬೇಡುತ್ತಿತ್ತು. ಪರದೇಶಕ್ಕೆ ವಲಸೆ ಹೊರಟ ಕುಟುಂಬಗಳು ಅದರಲ್ಲಿ ಹೋಗಬೇಕಾಗಿತ್ತು. ಅವನಿಗೆ ಸಂಶಯ ಬಂತು. ಪರೀಕ್ಷಿಸಿದರೆ ಖರ್ಚು ಎಂಬ ಯೋಚನೆಯೂ ಬಂತು. ಇಷ್ಟು ಯಾನಗಳನ್ನು ಸುರಕ್ಷಿತವಾಗಿ ಮುಗಿಸಿದ ಹಡಗು ಇದನ್ನೂ ಮುಗಿಸೀತು, ದೇವರೂ ಇದ್ದಾನೆ ಎಂದು ಮನಸ್ಸಿಗೆ ಹೇಳಿಕೊಂಡು, ಕೊನೆಗೆ ಪ್ರಾಮಾಣಿಕವಾಗಿಯೇ ಹಾಗೆ ನಂಬಿದ. ಹಡಗು ನಡುಸಮುದ್ರದಲ್ಲಿ ಮುಳುಗಿತು. ಅವನು ವಿಮೆಯ ಹಣ ಪಡೆದ.

ಇವನು ತಪ್ಪಿತಸ್ಥನೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಕ್ಲಿಫರ್ಡ್ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಹಡಗು ಮುಳುಗದೆ ಕ್ಷೇಮವಾಗಿ ದಡ ಸೇರಿದ್ದರೆ? ಆಗಲೂ ಅವನ ತಪ್ಪು ಕಿಂಚಿತ್ತೂ ಕಡಿಮೆಯಾಗದು ಎಂಬುದೇ ಅವರ ತೀರ್ಪು. ಪರೀಕ್ಷಿಸದೆ ನಂಬುವ ಅಧಿಕಾರ ಅವನಿಗಿರಲಿಲ್ಲ. ಹಡಗು ಉಳಿದುದರಿಂದ ಅವನು ನಿರಪರಾಧಿಯಾಗಲಿಲ್ಲ, ಸಿಕ್ಕಿಬೀಳಲಿಲ್ಲ, ಅಷ್ಟೇ.

ಈ ಪ್ರಬಂಧವನ್ನು ನಾನು ಓದಿದ್ದು ನಿವೃತ್ತನಾದ ಮೇಲೆ. ಓದಿ ಮುಗಿಸಿದಾಗ ನನಗೆ ನನ್ನ ಮೊಹರು ನೆನಪಾಯಿತು.

ಅದೃಷ್ಟವು ನಮ್ಮನ್ನು ಶುದ್ಧಗೊಳಿಸುವುದೇ?

ಆದರೆ ನಮ್ಮ ಮನಸ್ಸು ಕ್ಲಿಫರ್ಡರ ತೀರ್ಪನ್ನು ಸುಲಭವಾಗಿ ಒಪ್ಪುವುದಿಲ್ಲ. 1976ರಲ್ಲಿ ಥಾಮಸ್ ನೇಗೆಲ್ ಎಂಬ ಅಮೆರಿಕದ ತತ್ತ್ವಜ್ಞಾನಿ ಇದನ್ನೇ ಎತ್ತಿ ತೋರಿಸಿದರು. ಅವರ ಉದಾಹರಣೆಯೂ ಲಾರಿಯದೇ. ಬ್ರೇಕುಗಳನ್ನು ಸಕಾಲಕ್ಕೆ ಪರೀಕ್ಷಿಸದ ಒಬ್ಬ ಚಾಲಕ. ಮಗುವೊಂದು ರಸ್ತೆಗೆ ಅಡ್ಡ ಬಂದು, ಬ್ರೇಕು ಹಿಡಿಯದೆ ಮಗು ಸತ್ತರೆ ಅವನು ಜೀವಮಾನವಿಡೀ ತನ್ನನ್ನು ದೂಷಿಸಿಕೊಳ್ಳುತ್ತಾನೆ. ಮಗು ಅಡ್ಡ ಬಾರದಿದ್ದರೆ? ಆಗಲೂ ಅವನ ಅಜಾಗ್ರತೆ ಅಷ್ಟೇ. ಆದರೂ ತನ್ನನ್ನು ಅಷ್ಟು ಕಟುವಾಗಿ ದೂಷಿಸಿಕೊಳ್ಳಲು ಅವನಿಗೆ ಕಾರಣವೇ ಕಾಣುವುದಿಲ್ಲ. ಮಗು ಬರುವುದು, ಬಾರದಿರುವುದು ಅವನ ಕೈಯಲ್ಲಿರಲಿಲ್ಲ. ನಮ್ಮ ವಶದಲ್ಲಿಲ್ಲದ ಸಂಗತಿಯಿಂದ ನಮ್ಮ ನೈತಿಕ ಯೋಗ್ಯತೆ ಬದಲಾಗುವುದುಂಟೇ? ಬದಲಾಗಬಾರದೆಂದು ಬುದ್ಧಿ ಹೇಳುತ್ತದೆ. ಬದಲಾದಂತೆಯೇ ಲೋಕ ನಡೆದುಕೊಳ್ಳುತ್ತದೆ.

ಇಬ್ಬರ ಮಾತಿನಲ್ಲಿಯೂ ಸತ್ಯವಿದೆ ಎಂದು ನನಗೆ ತೋರುತ್ತದೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಲ್ಲಬೇಕಾದ ಚಾಲಕನ ಸಂಕಟವೂ ನನ್ನ ಸಂಕಟವೂ ಒಂದೇ ಎಂದರೆ ಅದು ಆ ತಾಯಿಗೆ ಮಾಡುವ ಅವಮಾನ. ನಡೆದುಹೋದ ಸಾವು ಬೇಡುವ ಪರಿಹಾರ, ಕ್ಷಮೆಯಾಚನೆ, ಶೋಕ ಇವು ಬೇರೆಯೇ. ಆದರೆ ಸಹಿ ಹಾಕಿದ ಆ ಸಂಜೆ ನಾನು ಎಂಥ ಮನುಷ್ಯನಾಗಿದ್ದೆ ಎಂಬ ಪ್ರಶ್ನೆಗೆ ಉತ್ತರ ಮೂರು ತಿಂಗಳ ಬಳಿಕ ಕೊಕ್ಕೆ ಏನು ಮಾಡಿತು ಎಂಬುದರಲ್ಲಿ ಇಲ್ಲ. ಆ ಸಂಜೆಯಲ್ಲಿಯೇ ಇದೆ. ಮೊಹರನ್ನು ಒತ್ತುವಾಗ ಆ ಕೊಕ್ಕೆಯ ಕೆಳಗೆ ಯಾರು ನಿಲ್ಲುತ್ತಾರೆಂದು ನನಗೆ ಗೊತ್ತಿತ್ತು. ಭಾರ ತಿರುಗದಂತೆ ಹಗ್ಗ ಹಿಡಿಯುವ ಇಬ್ಬರು ಹುಡುಗರ ಮುಖ ನನಗೆ ಪರಿಚಿತವಾಗಿತ್ತು. ಅವರ ತಲೆಯನ್ನು ಪಣಕ್ಕಿಟ್ಟು ನಾನು ಉಳಿಸಿಕೊಂಡದ್ದು ಪರೀಕ್ಷಕರನ್ನು ಇನ್ನೊಮ್ಮೆ ಕರೆಸುವ ತೊಂದರೆಯನ್ನು ಮಾತ್ರ. ಪಣದಲ್ಲಿ ಗೆದ್ದೆ ಎಂಬ ಕಾರಣಕ್ಕೆ ಪಣವೊಡ್ಡಿದ್ದು ಸರಿಯಾಗುವುದೇ?

ಖರ್ಚು ಯಾರದು, ಅಪಾಯ ಯಾರದು?

ಇಷ್ಟೆಲ್ಲ ಪರೀಕ್ಷೆ ನಡೆಸಿದರೆ ಸಣ್ಣ ಮಾಲೀಕ ಬದುಕುವುದು ಹೇಗೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಸಾಲ ಮಾಡಿ ಒಂದೇ ಒಂದು ಲಾರಿ ಕೊಂಡವನಿಗೆ ಅದು ನಿಂತ ಪ್ರತಿ ದಿನವೂ ನಷ್ಟವೇ. ಅವನನ್ನು ದುರಾಸೆಯವನೆಂದು ಕರೆಯುವುದು ಅನ್ಯಾಯ. ಆದರೆ ಇಲ್ಲಿ ಉಳಿತಾಯ ಒಬ್ಬನಿಗೆ, ಅಪಾಯ ಇನ್ನೊಬ್ಬನಿಗೆ. ತನ್ನ ಹಣವನ್ನು ಅಪಾಯಕ್ಕೊಡ್ಡುವ ಸ್ವಾತಂತ್ರ್ಯ ಮಾಲೀಕನಿಗಿದೆ. ಕೆಳಗೆ ನಿಂತವನ ಪ್ರಾಣವನ್ನು ಅವನಿಗೆ ತಿಳಿಸದೆ ಅಪಾಯಕ್ಕೊಡ್ಡುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಅಡ್ಡಗೋಡೆ ಕಟ್ಟಬೇಕೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯ ವಿಧಿಸುತ್ತದೆ. ಅಲ್ಲಿಯೂ ಖರ್ಚು ಮನೆಯವನದು. ಕಾಪಾಡಲ್ಪಡುವವನು ಇನ್ನೂ ಬಾರದ, ಹೆಸರು ಗೊತ್ತಿಲ್ಲದ ಅತಿಥಿ. ಯಾರಾದರೂ ಬೀಳುವ ತನಕ ಆ ವಿಧಿ ಕಾಯುವುದಿಲ್ಲ.

ನಾವು, ಅಂದರೆ ಸಾಮಾನು ತರಿಸುವವರು, ಈ ಲೆಕ್ಕದಿಂದ ಹೊರಗಿದ್ದೇವೆಯೇ? ಮನೆ ಕಟ್ಟುವಾಗ ಕಲ್ಲು, ಕಬ್ಬಿಣ, ನೀರಿನ ಟ್ಯಾಂಕು ಇಂದೇ ಬರಬೇಕೆಂದು ಅವಸರಪಡಿಸುವವರು ನಾವು. ಬಾಡಿಗೆಯಲ್ಲಿ ನೂರು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಶಿ ಮಾಡುವವರೂ ನಾವೇ. ಆದರೆ "ನಿಮ್ಮ ಕ್ರೇನನ್ನು ಕೊನೆಯ ಬಾರಿ ಯಾರು ನೋಡಿದರು, ಯಾವಾಗ?" ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಕೇಳಿದರೆ ಚಾಲಕನು ವಿಚಿತ್ರವಾಗಿ ನೋಡಬಹುದು. ನಾಲ್ಕು ಮನೆಯವರು ಕೇಳಿದರೆ ಐದನೆಯ ಮನೆಗೆ ಬರುವಾಗ ಅವನು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬಂದಾನು. ಕಾಗದ ತಂದ ಮೇಲೆ ಕೊಕ್ಕೆಯನ್ನು ಒಮ್ಮೆ ಒರೆಸಿಯೂ ನೋಡಿಯಾನು.

ಕೊನೆಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ನಿವೃತ್ತನಾದ ಮೇಲೆ ಒಂದು ದಿನ ನಾನು ಆ ಮೇಸ್ತ್ರಿಯವರ ಮನೆಯನ್ನು ಹುಡುಕಿಕೊಂಡು ಹೋದೆ. ಅವರಿಗೆ ಆಗ ವಯಸ್ಸಾಗಿತ್ತು, ಜಗಲಿಯಲ್ಲಿ ಕುಳಿತಿದ್ದರು. ನಾನು ನಡೆದುದನ್ನೆಲ್ಲ ಹೇಳಿ, ಅಂದು ಅವರ ಕೂಲಿ ಹೋದಾಗಲೂ ನಾನು ಬಾಯಿ ಬಿಡಲಿಲ್ಲವೆಂದು ಒಪ್ಪಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ಗೊತ್ತಿತ್ತು" ಎಂದರು. "ಪುಸ್ತಕದಲ್ಲಿದ್ದ ಆ ತಾರೀಕಿನ ದಿನ ಲಾರಿಯೊಟ್ಟಿಗೆ ಬಂದರಿಗೆ ಹೋದವನು ನಾನೇ ಅಲ್ಲವೇ? ಅಲ್ಲಿಗೆ ಯಾರೂ ಬಂದು ನೋಡಲಿಲ್ಲ. ಸುಳ್ಳು ಅಂತ ಹೇಳಿದ್ದರೆ ನಿಮ್ಮ ಕೆಲಸ ಹೋಗುತ್ತಿತ್ತು. ಕೊಕ್ಕೆ ಬದಲಾದರೆ ಸಾಕಿತ್ತು ನನಗೆ."

ನನ್ನ ಒಂದು ಸುಳ್ಳಿಗಾಗಿ ಅವರು ತಮ್ಮ ಒಂದು ದಿನದ ಅನ್ನವನ್ನು ಕೊಟ್ಟಿದ್ದರು. ಅದರ ಮೇಲೆ ನನ್ನ ಅನ್ನವನ್ನೂ ಉಳಿಸಿದ್ದರು. ಅಂದಿನ ಕೂಲಿಯನ್ನು ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. "ಆ ಇಬ್ಬರು ಹುಡುಗರಿಗೂ ಗೊತ್ತಿತ್ತೇ?" ಎಂದು ಕೇಳಿದೆ. "ಅವರಿಗೆಂಥ ಗೊತ್ತು? ಅವರು ನಮ್ಮನ್ನು ನಂಬಿ ನಿಲ್ಲುತ್ತಿದ್ದರು" ಎಂದರು.

ಪ್ರಿಯ ಓದುಗರೇ, ನಾವೆಲ್ಲರೂ ಒಂದಲ್ಲ ಒಂದು ಕಡೆ ಸಹಿ ಹಾಕುವವರೇ. ಶಾಲೆಯ ವಾಹನದ ಪುಸ್ತಕದಲ್ಲಿ, ಆಸ್ಪತ್ರೆಯ ಪಟ್ಟಿಯಲ್ಲಿ, ಕಟ್ಟಡದ ನಕ್ಷೆಯಲ್ಲಿ, ಅಂಗಡಿಯ ತಕ್ಕಡಿಯ ಪತ್ರದಲ್ಲಿ ನಮ್ಮ ಹೆಸರು ಬೀಳುತ್ತದೆ. ಆ ಹೆಸರನ್ನು ನಂಬಿ, ನಮ್ಮನ್ನು ಕಾಣದ ಯಾರೋ ಒಬ್ಬರು ಭಾರದ ಕೆಳಗೆ ನಿಂತಿರುತ್ತಾರೆ. ಮುಂದಿನ ಬಾರಿ ಲೇಖನಿ ಎತ್ತುವ ಮೊದಲು ಎದ್ದು ಹೋಗಿ ಒಮ್ಮೆ ನೋಡಿಬರೋಣ. ಲಾರಿ ಬಂದಿಲ್ಲವೆಂದಾದರೆ, ಬರುವ ತನಕ ಆ ಸಾಲು ಖಾಲಿಯಾಗಿಯೇ ಇರಲಿ.